ಜೀನಸಿನ ಪಟ್ಟಿ

ನಮ್ಮ ಮನೆಗೆ ಬರುವ ಕುಚ್ಚಲಕ್ಕಿ ಗೋಣಿ 26 ಕಿಲೋದ್ದು. ಮೊದಲು 25 ಕಿಲೋದ್ದು ಬರುತ್ತಿತ್ತು. ಒಂದು ಕಿಲೋ ಹೆಚ್ಚಾದದ್ದು ಮಿಲ್ಲಿನವರ ಔದಾರ್ಯದಿಂದಲ್ಲ. 2022ರ ಜುಲೈಯಲ್ಲಿ ಪ್ಯಾಕ್ ಮಾಡಿ ಲೇಬಲ್ ಹಚ್ಚಿದ ಅಕ್ಕಿ, ಬೇಳೆ, ಹಿಟ್ಟುಗಳ ಮೇಲೆ ನೂರಕ್ಕೆ 5ರಂತೆ ಜಿಎಸ್‌ಟಿ ಬಂತು. 25 ಕಿಲೋಗಿಂತ ದೊಡ್ಡ ಚೀಲಕ್ಕೆ ಮಾತ್ರ ಅದು ಇಲ್ಲ. ಸರಿ, ಚೀಲಕ್ಕೆ ಇನ್ನೊಂದು ಕಿಲೋ ತುಂಬಿಸಿ ಹೊಲಿದುಬಿಟ್ಟರು, ತೆರಿಗೆ ಹೊರಗೆ ಉಳಿಯಿತು. ಬಿ.ಸಿ.ರೋಡಿನ ನಮ್ಮ ಬಾಡಿಗೆ ಮನೆಯ ಮೆಟ್ಟಿಲಿನಲ್ಲಿ ಗೋಣಿ ಹೊತ್ತು ತರುವ ರಿಕ್ಷಾದವರ ಹೆಗಲಿಗೆ ಭಾರ ಸ್ವಲ್ಪ ಹೆಚ್ಚಾಯಿತು, ಅಷ್ಟೇ. ಮನೆಖರ್ಚು ಇಳಿಸುವ ಉಪಾಯಗಳ ಬಗ್ಗೆ ಯಾರು ಏನೇ ಬರೆಯಲಿ, ಇಷ್ಟು ಸಲೀಸಾದ ಉಪಾಯವನ್ನು ನಾನು ಬೇರೆ ಕಂಡಿಲ್ಲ.

ನನಗೆ ಮೂರು ಅಡುಗೆಮನೆಗಳ ಲೆಕ್ಕ ಗೊತ್ತು. ತವರು ಮೂಡುಬಿದಿರೆಯ ಹತ್ತಿರ. ಗಂಡನ ಮನೆ ಬೆಳ್ತಂಗಡಿ ತಾಲೂಕಿನಲ್ಲಿ, ವೇಣೂರಿನಿಂದ ಒಳಗೆ. ಕೆಲಸದ ನೆವದಲ್ಲಿ ನಾವಿರುವುದು ಬಂಟ್ವಾಳದ ಬಿ.ಸಿ.ರೋಡಿನಲ್ಲಿ. ಮೂರೂ ಕಡೆ ಬೇಯುವುದು ಅದೇ ಕೆಂಪು ಕುಚ್ಚಲಕ್ಕಿ, ಬಟ್ಟಲಿಗೆ ಬೀಳುವುದು ಅದೇ ಗಂಜಿ. ಆ ಗಂಜಿಗೆ ದುಡ್ಡು ಹುಟ್ಟುವ ಬಗೆ ಮಾತ್ರ ಒಂದೊಂದು ಕಡೆ ಒಂದೊಂದು.

ಅಮ್ಮನದು ವಾರದ ಲೆಕ್ಕ. ಅವಳು ಬೀಡಿ ಕಟ್ಟುತ್ತಿದ್ದಳು. ತೊಡೆಯ ಮೇಲೆ ತಡ್ಪೆ (ಮೊರ), ತಡ್ಪೆಯಲ್ಲಿ ಅಳತೆಗೆ ಕತ್ತರಿಸಿದ ಎಲೆ, ತಂಬಾಕಿನ ಹುಡಿ, ನೂಲು. ಬೆರಳುಗಳು ತಮ್ಮಷ್ಟಕ್ಕೆ ಓಡುತ್ತಿದ್ದರೆ ಬಾಯಿ ನಮ್ಮಿಂದ ಮಗ್ಗಿ ಒಪ್ಪಿಸಿಕೊಳ್ಳುತ್ತಿತ್ತು. ಇಪ್ಪತ್ತೈದರ ಕಟ್ಟುಗಳನ್ನು ಬ್ರಾಂಚಿಗೆ ಒಯ್ದು ಕೊಟ್ಟರೆ, ಅಲ್ಲಿ ‘ಇದು ಸರಿಯಿಲ್ಲ’ ಎಂದು ಒಂದಿಷ್ಟು ಪಕ್ಕಕ್ಕೆ ಬೀಳುತ್ತಿತ್ತು. ಉಳಿದದ್ದಕ್ಕೆ ಶನಿವಾರ ಮಜೂರಿ. ಆ ಮಜೂರಿ ಸೆರಗಿನ ತುದಿಯಲ್ಲಿ ಮನೆಗೆ ಬಂದದ್ದು ಕಡಿಮೆ. ದಾರಿಯಲ್ಲೇ ಜೀನಸಿನ ಅಂಗಡಿ ಇತ್ತು. ಕಾಲು ಕಿಲೋ ಸಕ್ಕರೆ, ನೂರು ಗ್ರಾಂ ಚಾಹುಡಿ, ಒಂದು ಕುಡ್ತೆ ತೆಂಗಿನೆಣ್ಣೆ, ಮುಷ್ಟಿಯಷ್ಟು ಮೆಣಸು, ಪೇಪರಿನ ಕಟ್ಟದಲ್ಲಿ ತೊಗರಿಬೇಳೆ. ಒಟ್ಟಿಗೆ ಕೊಂಡರೆ ಅಗ್ಗ ಎಂದು ಬುದ್ಧಿ ಹೇಳುವವರನ್ನು ಕಂಡರೆ ನನಗೆ ಈಗಲೂ ಸಣ್ಣ ಸಿಟ್ಟು ಬರುತ್ತದೆ. ಒಟ್ಟಿಗೆ ಕೊಳ್ಳಬೇಕಾದರೆ ದುಡ್ಡೂ ಒಟ್ಟಿಗೆ ಬರಬೇಕಲ್ಲ. ವಾರದ ಮಜೂರಿಗೆ ವಾರದ ಸಾಮಾನು, ಕಾಲು ಕಿಲೋಕ್ಕೆ ಕಾಲು ಕಿಲೋದ ರೇಟು. ಮಳೆಗಾಲದಲ್ಲಿ ಅಪ್ಪನಿಗೆ ಕೂಲಿ ಇಲ್ಲದಾಗ ಕಡದ ಪುಸ್ತಕ ಬೇರೆ. ಕಡ ಕೊಡುವ ಅಂಗಡಿಯಲ್ಲಿ ‘ಆಚೆ ಅಂಗಡಿಯಲ್ಲಿ ಎರಡು ರೂಪಾಯಿ ಕಡಿಮೆ ಉಂಟು’ ಎನ್ನುವ ಬಾಯಿ ಯಾರಿಗೂ ಇರುವುದಿಲ್ಲ.

ಅಮ್ಮ ಉಳಿಸುತ್ತಿದ್ದದ್ದು ಗಡಿಯಾರ ನೋಡಿ. ಮೂಡುಬಿದಿರೆಯ ಶುಕ್ರವಾರದ ಸಂತೆಗೆ ಬೆಳಿಗ್ಗೆ ಹೋಗುವವರು ಬೇರೆ, ಕತ್ತಲಾಗುವ ಹೊತ್ತಿಗೆ ಹೋಗುವವರು ಬೇರೆ. ಅಮ್ಮ ಎರಡನೆಯ ಗುಂಪಿನವಳು. ಗ್ಯಾಸ್‌ಲೈಟ್ ಹಚ್ಚುವ ಹೊತ್ತಿಗೆ ಘಟ್ಟದಿಂದ ಬಂದ ವ್ಯಾಪಾರಿಗೆ ಟೊಮೆಟೊ ವಾಪಸು ಒಯ್ಯುವುದಕ್ಕಿಂತ ರಾಶಿ ಹಾಕಿ ಕೊಟ್ಟುಬಿಡುವುದೇ ಲಾಭ. ಮೀನಿಗೂ ಅಷ್ಟೇ, ಕ್ಯಾಲೆಂಡರು ನೋಡಬೇಕು. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ. ಆ ಎರಡು ತಿಂಗಳು ಬೂತಾಯಿ ಬಂಗುಡೆಗಳ ರೇಟು ಕೇಳಿದರೆ ಬೆಕ್ಕೂ ಎದ್ದು ಹೋಗುತ್ತದೆ. ಅಮ್ಮ ಮೇ ತಿಂಗಳಲ್ಲೇ ಒಣಮೀನು ತಂದು, ಇನ್ನೊಂದು ಬಿಸಿಲು ತೋರಿಸಿ, ಡಬ್ಬಿಗೆ ಹಾಕುತ್ತಿದ್ದಳು. ಎಟ್ಟಿ (ಒಣಸೀಗಡಿ) ಚಟ್ನಿ ಒಂದು ಚಮಚ ಇದ್ದರೆ ಎರಡು ಬಟ್ಟಲು ಗಂಜಿ ಇಳಿಯುತ್ತದೆ.

ಮದುವೆಯಾಗಿ ಬೆಳ್ತಂಗಡಿ ಕಡೆ ಹೋದಾಗ ನನಗೆ ಆಶ್ಚರ್ಯವಾದದ್ದು ಆ ಮನೆಯ ಜೀನಸಿನ ಪಟ್ಟಿಯ ಉದ್ದ. ಅಂಗೈ ಅಗಲದ ಕಾಗದವೂ ತುಂಬುತ್ತಿರಲಿಲ್ಲ. ಉಪ್ಪು, ಸಕ್ಕರೆ, ಚಾಹುಡಿ, ಮೆಣಸು, ನೀರುಳ್ಳಿ, ಸೀಮೆಎಣ್ಣೆ. ಉಳಿದದ್ದೆಲ್ಲ ಅಂಗಳದಲ್ಲಿ ಅಥವಾ ಅಟ್ಟದಲ್ಲಿ. ಬಾವಿಕಟ್ಟೆಯ ನೀರು ಹರಿಯುವಲ್ಲಿ ಬಸಳೆ ಚಪ್ಪರ, ಬೇಲಿಯಲ್ಲಿ ಅಲಸಂಡೆ, ಹಟ್ಟಿಯ ಹಿಂದೆ ಕೆಸು. ಸುಗ್ಗಿ ಕೊಯ್ಲಾದ ಗದ್ದೆಯಲ್ಲಿ ಬೆಳೆದ ಸೌತೆಕಾಯಿಗಳನ್ನು ಬಾಳೆನಾರಿನಲ್ಲಿ ಕಟ್ಟಿ ಪಕ್ಕಾಸಿಗೆ ಸಾಲಾಗಿ ತೂಗಿಬಿಟ್ಟರೆ ಚೌತಿಯವರೆಗೆ ಒಂದೊಂದೇ ಇಳಿಯುತ್ತಿತ್ತು. ಮಾವ ಹಳೆಯ ಕಾಲದ ಮಾತು ತೆಗೆದರೆ ಅಕ್ಕಿಯನ್ನು ಕಿಲೋದಲ್ಲಿ ಹೇಳುವವರೇ ಅಲ್ಲ, ಮುಡಿಯಲ್ಲಿ ಹೇಳುವವರು. 42 ಸೇರಿಗೆ ಒಂದು ಮುಡಿ, ಬೈಹುಲ್ಲಿನಲ್ಲಿ ಸುತ್ತಿ ಬಿಗಿದದ್ದು. ಧಣಿಗಳಿಗೆ ಗೇಣಿ ಕೊಟ್ಟದ್ದೂ ಮುಡಿಯಲ್ಲೇ. 1974ರ ಭೂಸುಧಾರಣೆಯ ನಂತರ ಗದ್ದೆ ತಮ್ಮದಾಯಿತು, ಗೇಣಿ ನಿಂತಿತು. ಆಮೇಲೆ ಒಂದೊಂದೇ ಗದ್ದೆ ಅಡಿಕೆ ತೋಟವಾಯಿತು, ತೋಟವಾಗದ್ದು ಆಳು ಸಿಗದೆ ಹಡಿಲು ಬಿತ್ತು. ಈಗ ಮಾವನ ಮನೆಗೂ ಬರುವುದು ಅದೇ 26 ಕಿಲೋದ ಗೋಣಿ. ಅಡಿಕೆ ಮಾರಿ ಅಕ್ಕಿ ಕೊಳ್ಳುವುದರಲ್ಲಿ ಲೆಕ್ಕ ತಪ್ಪಿಲ್ಲ. ಅಡಿಕೆಗೆ ರೇಟು ಇರುವವರೆಗೆ ಅದು ಲಾಭವೇ. ಆದರೆ ಗದ್ದೆಯ ಜೊತೆ ಸೌತೆಕಾಯಿಯೂ, ಬೈಹುಲ್ಲು ತಿನ್ನುವ ದನವೂ, ದನದ ಮಜ್ಜಿಗೆಯೂ ಹೋಯಿತು. ಪಟ್ಟಿ ಉದ್ದವಾದದ್ದು ಹಾಗೆ.

ಪುಕ್ಕಟೆ ಅಡುಗೆ ಎಂದು ನಾವು ಹೇಳುವುದರ ಒಳಗೆ ಏನಿದೆ ಎಂದು ನಾನು ನೋಡಿದ್ದು ಉಪ್ಪಡ್ ಪಚ್ಚಿಲ್ ಹಾಕುವ ದಿನ. ಬಲಿತ, ಆದರೆ ಹಣ್ಣಾಗದ ಹಲಸಿನಕಾಯಿ ಬೇಕು. ಕೊಯ್ಯಲು ಒಬ್ಬರು, ಹಗ್ಗದಲ್ಲಿ ಇಳಿಸಲು ಒಬ್ಬರು. ಕಡಿಯುವ ಕತ್ತಿಗೂ ಕೈಗೂ ತೆಂಗಿನೆಣ್ಣೆ ಸವರದಿದ್ದರೆ ಮೇಣ ಬಿಡುವುದಿಲ್ಲ. ಸೊಳೆ ಬಿಡಿಸಿ, ಬೀಜ ತೆಗೆದು, ಭರಣಿಯಲ್ಲಿ ಒಂದು ವರಸೆ ಸೊಳೆ, ಒಂದು ವರಸೆ ಕಲ್ಲುಪ್ಪು. ಮೇಲೆ ಬಾಳೆಲೆ, ಅದರ ಮೇಲೆ ಕಲ್ಲು. ಬೀಜವನ್ನಾದರೂ ಬಿಟ್ಟಾರೇ? ಕೆಮ್ಮಣ್ಣು ಮೆತ್ತಿ ಮೂಲೆಗೆ ಸೇರಿಸಿದರೆ ಮಳೆಗಾಲದ ಆಟಿ ತಿಂಗಳಲ್ಲಿ ಬಸಳೆಯ ಜೊತೆ ಬೇಯಿಸಲು ಆಯಿತು. ಬೇಯಿಸಿ ಒಣಗಿಸಿದರೆ ಸಾಂತಾಣಿ, ಮಕ್ಕಳ ಜೇಬಿಗೆ. ಬೆಂದ ಸೊಳೆಯನ್ನು ಒರಳಿಗೆ ಹಾಕಿ ಕುಟ್ಟಿ, ಉಂಡೆ ಮಾಡಿ, ಮಣೆಯಲ್ಲಿ ಒತ್ತಿ, ಓಲೆಚಾಪೆಯಲ್ಲಿ ಬಿಸಿಲಿಗೆ ಹರಡಿದರೆ ಹಪ್ಪಳ. ಇದೆಲ್ಲ ಮೊದಲ ಮಳೆಗೆ ಮುಂಚೆ ಮುಗಿಯಬೇಕು. ಸಂಜೆ ಹೊತ್ತಿಗೆ ಅತ್ತೆಯ ಎರಡೂ ಅಂಗೈ ಉಪ್ಪು ತಿಂದು ಸುಕ್ಕಿಹೋಗಿತ್ತು. ಅಂಗಳದಲ್ಲಿ ಕಾಗೆ ಓಡಿಸಲು ಕೂತ ಮಗುವಿಗೂ ಒಂದು ದಿನದ ಕೆಲಸ. ಆಟಿಯಲ್ಲಿ ಅದನ್ನು ಉಂಡವರು ‘ಒಂದು ರೂಪಾಯಿ ಖರ್ಚಿಲ್ಲದ ಪದಾರ್ಥ’ ಎಂದರು. ಹೇಳಿದವರೆಲ್ಲ ಗಂಡಸರು ಎಂಬುದು ನನ್ನ ಅಡ್ಡಮಾತು, ಆದರೆ ಸುಳ್ಳಲ್ಲ.

ಹಾಗೆಂದು ನಾನು ಹಿಂದಿನದೆಲ್ಲ ಕಷ್ಟ, ಇಂದಿನದೆಲ್ಲ ಸುಖ ಎನ್ನುವವಳಲ್ಲ. ಪೇಟೆ ಮನೆಯ ನನ್ನ ಪಟ್ಟಿಯಲ್ಲಿ ಅಸಂಬದ್ಧ ಬಹಳ ಇದೆ. ತಿಂಗಳ ಬಿಲ್ಲನ್ನು ಗೆರೆ ಹಾಕಿ ಎರಡು ಭಾಗ ಮಾಡಿ ನೋಡುವ ಅಭ್ಯಾಸ ನನಗೆ: ಒಂದು ಕಡೆ ಒಲೆಗೆ ಹೋಗುವುದು, ಇನ್ನೊಂದು ಕಡೆ ಪೊಟ್ಟಣ ಹರಿದು ನೇರ ಬಾಯಿಗೆ ಹೋಗುವುದು. ಎರಡನೆಯದು ಬೆಳೆಯುತ್ತಲೇ ಇದೆ. ನನ್ನ ಮನೆಯ ಕಥೆ ಮಾತ್ರ ಅಲ್ಲ ಇದು. ಕೇಂದ್ರ ಸರ್ಕಾರದ ಕುಟುಂಬ ವೆಚ್ಚ ಸಮೀಕ್ಷೆಯ ಪ್ರಕಾರ 1999-2000ರಲ್ಲಿ ದೇಶದ ಹಳ್ಳಿಮನೆಗಳ ಖರ್ಚಿನ ನೂರು ರೂಪಾಯಿಯಲ್ಲಿ 22 ರೂಪಾಯಿ ಅಕ್ಕಿ-ಗೋಧಿಗಳಂಥ ಧಾನ್ಯಕ್ಕೇ ಹೋಗುತ್ತಿತ್ತು. 2023-24ರಲ್ಲಿ ಅದು ಐದು ರೂಪಾಯಿಗೆ ಇಳಿದಿದೆ. ಚಾ-ಕಾಫಿ, ಹೋಟೆಲು ತಿಂಡಿ, ಪ್ಯಾಕೆಟ್ ತಿನಿಸುಗಳದ್ದು ಹತ್ತರ ಹತ್ತಿರ. ಅಂದರೆ ಅನ್ನಕ್ಕೆ ಕೊಡುವುದರ ಎರಡು ಪಾಲು ನಾವು ಕುರುಕಲಿಗೆ ಕೊಡುತ್ತಿದ್ದೇವೆ. ರೇಶನ್ ಅಕ್ಕಿ ಪುಕ್ಕಟೆ ಬರುವುದೂ ಇದಕ್ಕೆ ಒಂದು ಕಾರಣ, ನಿಜ. ನನ್ನ ಗಂಡ ಕಲ್ಲಡ್ಕದಲ್ಲಿ ಇಳಿದು ಕುಡಿಯುವ ಕೇಟಿ (ಕಲ್ಲಡ್ಕ ಟೀ) ಇನ್ನೊಂದು ಕಾರಣ. ಅದು ನನ್ನ ಪಟ್ಟಿಗೆ ಬರುವುದಿಲ್ಲ, ಸರ್ಕಾರದ ಪಟ್ಟಿಗೆ ಬರುತ್ತದೆ.

ಆದಾಯ ಏರಿದಂತೆ ಊಟಕ್ಕೆ ಹೋಗುವ ಪಾಲು ಇಳಿಯುತ್ತದೆ ಎಂದು 1857ರಲ್ಲೇ ಬರೆದವನು ಅರ್ನ್ಸ್ಟ್ ಎಂಗೆಲ್ ಎಂಬ ಜರ್ಮನ್ ಸಂಖ್ಯಾಶಾಸ್ತ್ರಜ್ಞ. (ಮಾರ್ಕ್ಸ್‌ನ ಗೆಳೆಯ ಎಂಗೆಲ್ಸ್ ಅಲ್ಲ, ಇವನು ಬೇರೆ.) ಅದೇ ಸಮೀಕ್ಷೆಯಲ್ಲಿ ಹಳ್ಳಿಯ ಪಾಲು 1999-2000ರ 59ರಿಂದ 2023-24ಕ್ಕೆ 47ಕ್ಕೆ ಬಂದಿದೆ, ಎಂಗೆಲ್ ಹೇಳಿದ್ದು ಸರಿ. ಅದೇ 2023-24ರಲ್ಲಿ ಕರ್ನಾಟಕದ ಹಳ್ಳಿಯಲ್ಲಿ ಒಬ್ಬರ ತಿಂಗಳ ಒಟ್ಟು ಖರ್ಚು 4,903 ರೂಪಾಯಿ, ಪೇಟೆಯಲ್ಲಿ 8,076. ನಾಲ್ಕು ಜನರ ಹಳ್ಳಿಮನೆಗೆ ದೇಶದ ಆ 47ನ್ನು ಹಚ್ಚಿದರೆ ಊಟದ ಬಾಬ್ತು ಒಂಬತ್ತು ಸಾವಿರ ಚಿಲ್ಲರೆ. ಈ ಅಂಕಿಯನ್ನು ಅಮ್ಮನಿಗೆ ಹೇಳಿದರೆ ಅವಳು ಕೇಳಿದ್ದು ಒಂದೇ: “ಮೀನು ಸೇರಿಯಾ, ಸೇರದೆಯಾ?”

ಅಮ್ಮನ ಕಾರ್ಡು ಬಿಪಿಎಲ್. 2013ರಲ್ಲಿ ಅನ್ನಭಾಗ್ಯ ಬಂದ ಮೇಲೆ ಕಡದ ಪುಸ್ತಕ ತೆಳ್ಳಗಾದದ್ದನ್ನು ನಾನೇ ಕಂಡಿದ್ದೇನೆ. 2023ರಲ್ಲಿ ಹೆಚ್ಚುವರಿ ಅಕ್ಕಿ ಸಿಗದೆ ಅದರ ಬದಲು ತಲೆಗೆ 170 ರೂಪಾಯಿ ಬ್ಯಾಂಕಿಗೆ ಬಂತು. ಅಮ್ಮನಿಗೆ ಅಕ್ಕಿಗಿಂತ ಅದೇ ಹೆಚ್ಚು ಖುಷಿ. ಕಾರಣ ಸರಳ. ಬರುವುದು ಬಿಳಿ ಬೆಳ್ತಿಗೆ ಅಕ್ಕಿ, ನಮ್ಮವರಿಗೆ ಅನ್ನಕ್ಕೆ ಬೇಕಾದದ್ದು ಕೆಂಪು ಕುಚ್ಚಲು. ಸೊಸೈಟಿ ಅಕ್ಕಿಯಲ್ಲಿ ನೀರ್ದೋಸೆ ಆಗುತ್ತದೆ, ಪುಂಡಿ ಆಗುತ್ತದೆ, ಆದರೆ ಗಂಜಿ ಕುಡಿದ ಹೊಟ್ಟೆಗೆ ಅದು ಹನ್ನೊಂದು ಗಂಟೆಗೇ ಮುಗಿಯುತ್ತದೆ ಎಂದು ಗದ್ದೆ ಕೆಲಸದವರು ಹೇಳುತ್ತಾರೆ. ರೇಶನಿನಲ್ಲಿ ಊರಿನ ಕುಚ್ಚಲಕ್ಕಿಯನ್ನೇ ಕೊಡಿ ಎಂಬ ಬೇಡಿಕೆ ನಮ್ಮ ಎರಡು ಕರಾವಳಿ ಜಿಲ್ಲೆಗಳಲ್ಲಿ ಎಷ್ಟೋ ವರ್ಷದಿಂದ ಇದೆ. ಕೊಡಬೇಕಾದರೆ ಅಷ್ಟು ಭತ್ತ ಇಲ್ಲಿ ಬೆಳೆಯಬೇಕು. ಗದ್ದೆಗಳ ಕಥೆ ಮೇಲೆಯೇ ಹೇಳಿದೆನಲ್ಲ.

ಟೊಮೆಟೊ, ನೀರುಳ್ಳಿಗಳ ರೇಟು ಏರಿದರೆ ಪೇಪರಿನ ಮುಖಪುಟಕ್ಕೆ ಬರುತ್ತದೆ. ನಮ್ಮ ಕಡೆಯ ಅಡುಗೆಮನೆಯನ್ನು ನಿಜವಾಗಿ ಅಲ್ಲಾಡಿಸಿದ್ದು 2025ರ ತೆಂಗು. ಎಣ್ಣೆ ಲೀಟರಿಗೆ 400 ದಾಟಿತು. ಲೆಕ್ಕದಲ್ಲಿ ಮಾರುತ್ತಿದ್ದ ಕಾಯಿ ಎಂದೋ ತೂಕಕ್ಕೆ ಬಂದಿತ್ತು, ಆಗ ಒಂದು ಕಾಯಿ ತಕ್ಕಡಿಯಲ್ಲಿ ಕೂತರೆ ಮೀನಿನ ಹಾಗೆ ರೇಟು ನೋಡಬೇಕಾಯಿತು. ತೆಂಗಿನಕಾಯಿ ಕಡಿಮೆ ಮಾಡಿ ಎಂದು ಹೇಳುವುದು ಸುಲಭ. ಸಾಂಬಾರಿಗೆ ಕಾಯಿ, ಪಲ್ಯಕ್ಕೆ ಕಾಯಿ, ಚಟ್ನಿಗೆ ಕಾಯಿ, ಮೀನಿನ ಗಸಿಗೆ ಕಾಯಿ. ನಾನು ಒಂದು ದಿನ ಬಿಟ್ಟು ಒಂದು ದಿನ ಸಾರು, ತಂಬುಳಿ, ಕುಡುವಿನ (ಹುರುಳಿಯ) ಸಾರು ಎಂದು ಬದಲಿಸಿದೆ. ಮನೆಯಲ್ಲಿ ಯಾರೂ ಏನೂ ಹೇಳಲಿಲ್ಲ, ಉಪ್ಪಿನಕಾಯಿ ಮಾತ್ರ ಬೇಗ ಖಾಲಿಯಾಯಿತು. ಕಾಯಿ ಮಾರುವ ಮಾವನಿಗೆ ಆ ವರ್ಷ ಖುಷಿಯೋ ಖುಷಿ. ಒಂದೇ ಕುಟುಂಬದೊಳಗೆ ಒಂದೇ ರೇಟಿಗೆ ಒಬ್ಬರು ಹಲ್ಲು ಕಚ್ಚಿದರೆ ಇನ್ನೊಬ್ಬರು ಹಲ್ಲು ಬಿಟ್ಟರು.

ಮಳೆಗಾಲದ ತರಕಾರಿಗೆ ಇನ್ನೊಂದು ಗ್ರಹಚಾರ ಘಟ್ಟ. ಘಟ್ಟದ ಮೇಲಿನ ತರಕಾರಿ ಲಾರಿ ಇಳಿದರೆ ಮಾತ್ರ ನಮಗೆ ಬೀನ್ಸು, ಕ್ಯಾಬೇಜು. 2019ರ ಆಗಸ್ಟಿನಲ್ಲಿ ಚಾರ್ಮಾಡಿಯಲ್ಲಿ ಗುಡ್ಡ ಜರಿದು ರಸ್ತೆ ಮುಚ್ಚಿದಾಗ ಬೆಳ್ತಂಗಡಿಯ ಸಂತೆಕಟ್ಟೆ ಬಿಕೋ ಎನ್ನುತ್ತಿತ್ತು. ಅತ್ತೆಯ ಮನೆಯಲ್ಲಿ ಆ ದಿನಗಳಲ್ಲಿ ತಜಂಕು ಸೊಪ್ಪಿನ ಪಲ್ಯ, ಪತ್ರೊಡೆ, ಭರಣಿಯ ಉಪ್ಪಡ್ ಪಚ್ಚಿಲ್. ಅವರಿಗೆ ರಸ್ತೆ ಮುಚ್ಚಿದ ಸುದ್ದಿ ಗೊತ್ತಾದದ್ದೇ ಟಿವಿಯಲ್ಲಿ.

ಕಳೆದ ಆಟಿಯಲ್ಲಿ ಪೇಟೆಯ ಸಭಾಭವನವೊಂದರಲ್ಲಿ ‘ಆಟಿಡೊಂಜಿ ದಿನ’ (ಆಟಿಯಲ್ಲಿ ಒಂದು ದಿನ) ಎಂಬ ಕಾರ್ಯಕ್ರಮ ಇತ್ತು. ಅತ್ತೆ ನಮ್ಮಲ್ಲಿಗೆ ಬಂದಿದ್ದರು, ಕರೆದುಕೊಂಡು ಹೋದೆವು. ಭಾಷಣ ಒಳಗೆ ನಡೆಯುತ್ತಿತ್ತು, ಜನ ಹೊರಗೆ ಮೇಜುಗಳ ಸುತ್ತ. ಮಹಿಳಾ ಸಂಘದವರು ಹಲಸಿನ ಹಪ್ಪಳ, ಸಾಂತಾಣಿ, ಪ್ಲಾಸ್ಟಿಕ್ ಲಕೋಟೆಯಲ್ಲಿ ಉಪ್ಪಡ್ ಪಚ್ಚಿಲ್ ಇಟ್ಟುಕೊಂಡು ಕೂತಿದ್ದರು. ನನ್ನ ಗಂಡ ಹಪ್ಪಳದ ರೇಟು ಕೇಳಿ, “ಜಾಸ್ತಿ ಆಯ್ತಲ್ಲ ಅಕ್ಕ, ಹಲಸು ಪುಕ್ಕಟೆ ಬೀಳುತ್ತದಲ್ಲ” ಎಂದರು.

ಅತ್ತೆ ಒಂದು ಹಪ್ಪಳ ಎತ್ತಿ ಬೆಳಕಿಗೆ ಹಿಡಿದು ದಪ್ಪ ನೋಡಿದರು. “ಎಂತ ಜಾಸ್ತಿ? ಕಮ್ಮಿಯೇ ಹೇಳಿದ್ದಾರೆ. ನೀನು ಸುಮ್ಮನಿರು” ಎಂದು ಮಗನನ್ನು ಬದಿಗೆ ಸರಿಸಿ, ಮೇಜಿನಾಚೆಯ ಹೆಂಗಸಿನ ಹತ್ತಿರ ಮಾತಿಗೆ ನಿಂತರು.

“ಕುಟ್ಟಿದ್ದಾ, ಗ್ರೈಂಡರಿನದ್ದಾ?”

“ಗ್ರೈಂಡರಿನದ್ದು ಅಮ್ಮ. ಒನಕೆ ಹಿಡಿಯುವವರು ಈಗ ಯಾರಿದ್ದಾರೆ?”

“ಬಿಸಿಲು ಸಿಕ್ಕಿತಾ ಈ ಸಲ?”

“ಎಲ್ಲಿಯ ಬಿಸಿಲು? ಮೇ ತಿಂಗಳಲ್ಲೇ ಮಳೆ. ಡ್ರೈಯರಿಗೆ ಹಾಕಿದೆವು.”

ಅತ್ತೆ ಸ್ವಲ್ಪ ಹತ್ತಿರ ಬಾಗಿದರು. “ಒಬ್ಬೊಬ್ಬರಿಗೆ ದಿನಕ್ಕೆ ಎಷ್ಟು ಬೀಳುತ್ತದೆ ಮಗಾ?”

ಆಕೆ ಬೆರಳು ಮಡಚಿ, ಕರೆಂಟು, ಗ್ಯಾಸು, ಲಕೋಟೆ ಎಂದು ಕಳೆದು, ಒಂದು ಅಂಕಿ ಹೇಳಿ ನಕ್ಕಳು. “ಬೀಡಿಗಿಂತ ಅಡ್ಡಿಯಿಲ್ಲ ಅಮ್ಮ.”