ನಾಲಿಗೆಗೆ ಗೊತ್ತಿದ್ದ ಪದ

ಇಂದಿರಾನಗರದಲ್ಲಿ ಆಫೀಸಿನ ಟೀಮ್ ಡಿನ್ನರ್. ಮ್ಯಾನೇಜರ್ ಕ್ಯಾಬರ್ನೆ ಸೋವಿನ್ಯೋ ಅನ್ನೋ ರೆಡ್ ವೈನ್ ತರಿಸಿದ್ರು. ಎಲ್ಲರೂ ಗ್ಲಾಸ್ ತಿರುಗಿಸಿ, ಮೂಗು ತೂರಿಸಿ ಒಂದೊಂದು ಮಾತು ಹೇಳ್ತಿದ್ರು. ನನ್ನ ಸರದಿ ಬಂದಾಗ ಬಾಟಲಿಯ ಲೇಬಲ್ ನೋಡಿಕೊಂಡು "ಬ್ಲ್ಯಾಕ್‌ಕರಂಟ್" ಅಂದುಬಿಟ್ಟೆ. ಎಲ್ಲರೂ ತಲೆಯಾಡಿಸಿದರು. ಆ ಹಣ್ಣನ್ನು ನಾನು ಐಸ್‌ಕ್ರೀಮ್ ಡಬ್ಬಿಯ ಮೇಲೆ ಬಿಟ್ಟರೆ ಬೇರೆಲ್ಲೂ ನೋಡಿಲ್ಲ! ಕ್ಯಾಬ್‌ನಲ್ಲಿ ಮನೆಗೆ ಬರುವಾಗ ನಾಚಿಕೆಯಾಯ್ತು. ಇಷ್ಟು ಸಣ್ಣ ವಿಷಯಕ್ಕೂ ಸುಳ್ಳು ಹೇಳಬೇಕಿತ್ತಾ?

ಮುಂದಿನ ತಿಂಗಳು ಗೆಳೆಯರ ಜೊತೆ ನಂದಿ ಬೆಟ್ಟದ ತಪ್ಪಲಿನ ದ್ರಾಕ್ಷಿ ತೋಟಕ್ಕೆ ಹೋಗಿದ್ದೆ. ಅಲ್ಲೂ ಅದೇ ಕ್ಯಾಬರ್ನೆ, ಅದೇ ಪ್ರಶ್ನೆ. "ಏನು ವಾಸನೆ ಬರ್ತಿದೆ ಸರ್?" ಈ ಸಲ ಅನಿಸಿದ್ದನ್ನೇ ಹೇಳಿದೆ. "ದೊಣ್ಣೆಮೆಣಸಿನಕಾಯಿ ಹೆಚ್ಚಿದ ಹಾಗಿದೆ." ಗೆಳೆಯರು ಗೊಳ್ಳೆಂದು ನಕ್ಕರು. ವೈನ್ ಸುರಿಯುತ್ತಿದ್ದ ಹುಡುಗ ನಗಲಿಲ್ಲ. "ಕರೆಕ್ಟ್ ಸರ್. ಪೈರಜೀನ್ ಅಂತ, ಎರಡರಲ್ಲೂ ಇರುತ್ತೆ. ಹಣ್ಣು ಚೆನ್ನಾಗಿ ಮಾಗಿದಷ್ಟೂ ಈ ಹಸಿ ವಾಸನೆ ಕಡಿಮೆ" ಅಂದ.

"ಮತ್ತೆ ಈ ನಾಲಿಗೆ ಹಿಡಿದುಕೊಳ್ಳೋದು?"

"ಟ್ಯಾನಿನ್ ಸರ್."

ಈ ದ್ರಾಕ್ಷಿ ಸಣ್ಣದು, ಸಿಪ್ಪೆ ದಪ್ಪ, ತಿರುಳು ಕಡಿಮೆ. ಟ್ಯಾನಿನ್ ಇರೋದು ಸಿಪ್ಪೆ, ಬೀಜಗಳಲ್ಲೇ. ಅದು ಜೊಲ್ಲಿನ ಪ್ರೋಟೀನಿಗೆ ಅಂಟಿಕೊಂಡು ಬಾಯಿ ಒಣಗಿದ ಹಾಗಾಗುತ್ತೆ. ಅಯ್ಯೋ, ಇದಕ್ಕೆ ನಮ್ಮಲ್ಲಿ ಪದ ಇದೆಯಲ್ಲ, ಒಗರು! ಅಜ್ಜನ ಎಲೆಯಡಿಕೆ ತಟ್ಟೆಯಿಂದ ಕದ್ದು ಅಗಿದ ಅಡಿಕೆ ಚೂರಿನಲ್ಲಿ ಇದ್ದದ್ದು ಇದೇ. ಏನೂ ಗೊತ್ತಿಲ್ಲ ಅಂದುಕೊಂಡಿದ್ದ ನನಗೆ ಅರ್ಧ ಪಾಠ ಬಾಲ್ಯದಲ್ಲೇ ಆಗಿತ್ತು.

ಮನೆಗೆ ಬಂದು ಇನ್ನಷ್ಟು ಓದಿದೆ. ಫ್ರಾನ್ಸಿನ ಬೋರ್ಡೋ ಕಡೆಯ ಈ ಪ್ರಸಿದ್ಧ ತಳಿಯ ಅಪ್ಪ ಅಮ್ಮ ಯಾರು ಅಂತ ಬಹಳ ಕಾಲ ಖಚಿತವಿರಲಿಲ್ಲ. 1997ರಲ್ಲಿ ಕ್ಯಾಲಿಫೋರ್ನಿಯಾದ ಡೇವಿಸ್‌ನಲ್ಲಿ ಜಾನ್ ಬೋವರ್ಸ್ ಮತ್ತು ಕ್ಯಾರೊಲ್ ಮೆರೆಡಿತ್ ಡಿಎನ್‌ಎ ಪರೀಕ್ಷಿಸಿ ಪ್ರಕಟಿಸಿದರು: ಒಂದು ಕಪ್ಪು ದ್ರಾಕ್ಷಿ ಕ್ಯಾಬರ್ನೆ ಫ್ರಾಂ, ಇನ್ನೊಂದು ಬಿಳಿ ದ್ರಾಕ್ಷಿ ಸೋವಿನ್ಯೋ ಬ್ಲಾಂ. ಎರಡೂ ಹೆಸರು ಮಗುವಿನ ಹೆಸರಲ್ಲೇ ಇದ್ದವು ನೋಡಿ! ಕಣ್ಣೆದುರಿಗೇ ಇದ್ದದ್ದು ಕಾಣೋಕೆ ಅಷ್ಟು ಕಾಲ ಬೇಕಾಯ್ತು. ನನಗೆ ಒಗರು ನೆನಪಾಗೋಕೆ ತಡವಾದದ್ದೇನೂ ದೊಡ್ಡದಲ್ಲ ಬಿಡಿ.

ಮೊನ್ನೆ ಮತ್ತೊಂದು ಡಿನ್ನರ್. ನನ್ನ ಸರದಿ ಬಂದಾಗ "ಒಗರು" ಅಂದೆ. ದೆಹಲಿಯಿಂದ ಹೊಸದಾಗಿ ಬಂದ ಹುಡುಗಿ "ಹಾಗಂದ್ರೆ?" ಎಂದು ಕೇಳಿದಳು. ಬಾಯಲ್ಲಿ ಹೇಳೋಕೆ ಎಷ್ಟು ಒದ್ದಾಡಿದರೂ ಆಗಲಿಲ್ಲ. ಊಟ ಮುಗಿಸಿ ಪಾನ್ ಅಂಗಡಿಗೆ ಕರೆದುಕೊಂಡು ಹೋಗಿ ಒಂದು ಅಡಿಕೆ ಚೂರು ಕೊಡಿಸಿದೆ.