ತಿಂಗಳ ಓದು, ತಿಂಗಳ ಬರಹ

ವಾಚಕ ಬಂಧುಗಳಲ್ಲಿ ಅನೇಕರು ಮನೆಯ ಖರ್ಚುವೆಚ್ಚವನ್ನು ತಿಂಗಳ ಕೊನೆಗೆ ಬರೆದಿಡುವ ರೂಢಿಯುಳ್ಳವರು. ಹಾಲಿಗೆ ಎಷ್ಟು, ಕಿರಾಣಿಗೆ ಎಷ್ಟು, ಮಕ್ಕಳ ಶಾಲೆಗೆ ಎಷ್ಟು, ದಾಸೋಹಕ್ಕೆ ಎಷ್ಟು ಎಂಬುದೆಲ್ಲ ಅಲ್ಲಿ ದಾಖಲಾಗುತ್ತದೆ. ಆದರೆ ಆ ತಿಂಗಳಿನಲ್ಲಿ ಏನನ್ನು ಓದಿದೆವು, ಏನನ್ನು ಬರೆದೆವು ಎಂಬ ಲೆಕ್ಕವನ್ನಿಡುವ ಮನೆಗಳು ವಿರಳ. ಅದರ ಅಗತ್ಯವಾದರೂ ಏನು ಎಂದು ಕೇಳುವವರುಂಟು. ಓದು ಬರಹಗಳು ನಮ್ಮ ಜೀವನೋಪಾಯವಲ್ಲ. ಶಾಲೆಯ ಪಂಡಿತಿಕೆಯಿಂದ ನಿವೃತ್ತರಾದ ಮೇಲಂತೂ ಅವು ಕೇವಲ ಹವ್ಯಾಸ. ಹವ್ಯಾಸಕ್ಕೆ ಎಂಥ ಲೆಕ್ಕ? ಆದರೂ ಕಳೆದ ಆರು ವರ್ಷಗಳಿಂದ ನಾವು ಒಂದು ಉದ್ದನೆಯ ವಹಿಯಲ್ಲಿ ಈ ಲೆಕ್ಕವನ್ನು ಬರೆಯುತ್ತ ಬಂದಿದ್ದೇವೆ. ಈ ಸಲದ ಶ್ರಾವಣ ಮಾಸದ ಪುಟವನ್ನು ಮುಂದಿಟ್ಟುಕೊಂಡು ನಾಲ್ಕು ಮಾತು ಹೇಳಬೇಕೆನಿಸಿದೆ.

ವಹಿಯಲ್ಲಿ ನಾಲ್ಕು ಅಂಕಣಗಳಿವೆ. ಮೊದಲನೆಯದು ದಿನಾಂಕ, ಎರಡನೆಯದು ಗ್ರಂಥದ ಹೆಸರು, ಮೂರನೆಯದು ಪುಟಗಳ ಸಂಖ್ಯೆ. ನಾಲ್ಕನೆಯ ಅಂಕಣಕ್ಕೆ 'ಉಳಿದದ್ದು' ಎಂದು ಹೆಸರಿಟ್ಟಿದ್ದೇವೆ. ಪುಸ್ತಕವನ್ನು ಮುಚ್ಚಿಟ್ಟು ಎಂಟು ದಿನಗಳು ಕಳೆದ ಮೇಲೆ, ಅದನ್ನು ಮತ್ತೆ ತೆರೆಯದೆ, ನೆನಪಿನಲ್ಲಿ ಯಾವುದು ನಿಂತಿದೆಯೋ ಅದನ್ನಷ್ಟೇ ಅಲ್ಲಿ ಬರೆಯತಕ್ಕದ್ದು. ಈ ನಿಯಮ ನಮ್ಮ ಸ್ವಂತದ್ದಲ್ಲ. ಬಾಲ್ಯದಲ್ಲಿ ನಮ್ಮನ್ನು ಸಲಹಿದ ಮಠದ ಪಾಠಶಾಲೆಯದು. ಅಲ್ಲಿ ಅಮರಕೋಶವನ್ನು ದಿನಕ್ಕೆ ಐದು ಶ್ಲೋಕಗಳಂತೆ ಕಂಠಸ್ಥ ಮಾಡಿಸುತ್ತಿದ್ದರು. ಮೂರು ಕಾಂಡಗಳಲ್ಲಿ ಸುಮಾರು 1,500 ಶ್ಲೋಕಗಳು. ಎಡಬಿಡದೆ ನಡೆದರೆ 300 ದಿನಗಳ ದುಡಿಮೆ. ಆದರೆ ಗುರುಗಳು ಎಷ್ಟು ಶ್ಲೋಕ ಓದಿದೆ ಎಂದು ಎಂದೂ ಕೇಳಿದವರಲ್ಲ. ಮರುದಿನ ಬೆಳಗಿನ ಪೂಜೆ ಮುಗಿದ ಮೇಲೆ ಪುಸ್ತಕವನ್ನು ತಮ್ಮ ಕೈಯಲ್ಲಿ ಹಿಡಿದು, 'ಹೇಳು' ಎಂದಷ್ಟೇ ಅನ್ನುತ್ತಿದ್ದರು. ಪುಸ್ತಕವಿಲ್ಲದೆ ಬಾಯಿಗೆ ಬಂದದ್ದು ಮಾತ್ರ ಲೆಕ್ಕಕ್ಕೆ. ಉಳಿದದ್ದು ಪ್ರಸಾದ ನಿಲಯದ ಗೋಡೆಗೆ ಹೇಳಿದ್ದು ಎಂದು ಅವರು ನಗುತ್ತಿದ್ದರು.

ಇಂಥ ಲೆಕ್ಕವು ಪಾಶ್ಚಾತ್ಯರ ಪದ್ಧತಿಯೆಂದು ಭಾವಿಸುವವರಿದ್ದಾರೆ. ಹಾಗೇನೂ ಇಲ್ಲ. ನಮ್ಮ ತಾಳೆಯೋಲೆಯ ಲಿಪಿಕಾರರು ಗ್ರಂಥವೊಂದರ ಪ್ರತಿಯನ್ನು ಮುಗಿಸಿದಾಗ ಸಂವತ್ಸರ, ಮಾಸ, ಪಕ್ಷ, ತಿಥಿ, ವಾರಗಳನ್ನು ಕಡೆಯ ಗರಿಯಲ್ಲಿ ಕೊರೆದಿಡುತ್ತಿದ್ದರು. ಬೆನ್ನು ಬಾಗಿತು, ಕತ್ತು ನೊಂದಿತು, ಕಣ್ಣು ಮಂಜಾಯಿತು ಎಂಬ ದೂರನ್ನೂ ಹಲವರು ಸೇರಿಸಿದ್ದುಂಟು. ಎಣ್ಣೆ ತಗುಲದಂತೆ, ನೀರು ಸೋಕದಂತೆ, ಕಟ್ಟಿನ ದಾರ ಸಡಿಲವಾಗದಂತೆ ಈ ಗ್ರಂಥವನ್ನು ಕಾಯಿರಿ ಎಂಬ ಬೇಡಿಕೆಯೂ ಅದರ ಜೊತೆಗೇ ಬರುತ್ತಿತ್ತು. ಕಳೆದ ವರ್ಷ ಬಲಗಣ್ಣಿನ ಪೊರೆಯನ್ನು ತೆಗೆಸಿಕೊಂಡ ನಮಗೆ ಆ ದೂರುಗಳು ಈಗ ಹೆಚ್ಚು ಅರ್ಥವಾಗುತ್ತಿವೆ. ಮುಕ್ಕಾಲು ಗಂಟೆ ಓದಿದರೆ ಕಾಲು ಗಂಟೆ ಕಣ್ಣು ಮುಚ್ಚಿ ಕುಳಿತುಕೊಳ್ಳಬೇಕು.

ಪಶ್ಚಿಮದವರಲ್ಲಿ ಈ ವಿಷಯದಲ್ಲಿ ಅತಿ ಕಟ್ಟುನಿಟ್ಟಾದವನು ಆಂಗ್ಲ ಕಾದಂಬರಿಕಾರ ಆಂಥನಿ ಟ್ರಾಲಪ್. ಅವನು ವೃತ್ತಿಯಿಂದ ಅಂಚೆ ಇಲಾಖೆಯ ನೌಕರ. 1834ರಿಂದ 1867ರವರೆಗೆ ಆ ಇಲಾಖೆಯಲ್ಲಿ ದುಡಿದವನು. ಬೆಳಗಿನ ಐದೂವರೆಗೆ ಮೇಜಿನ ಮುಂದೆ ಕುಳಿತು, ಗಡಿಯಾರವನ್ನು ಎದುರಿಗಿಟ್ಟುಕೊಂಡು, ಪ್ರತಿ ಕಾಲು ಗಂಟೆಗೆ 250 ಪದಗಳಂತೆ ಬರೆಯುತ್ತಿದ್ದನಂತೆ. ವಾರಕ್ಕೆ ಸರಾಸರಿ 40 ಪುಟ ಅವನ ಗುರಿ. 'ಪುಟ' ಎಂಬುದು ಹಿಗ್ಗುವ ಕುಗ್ಗುವ ಅಳತೆಯಾದ್ದರಿಂದ ಪುಟಕ್ಕೆ 250 ಪದವೆಂದು ಗೊತ್ತುಮಾಡಿ, ಪದಗಳನ್ನು ಎಣಿಸಿಯೇ ಬರೆಯುತ್ತಿದ್ದ. ಹೀಗೆ 47 ಕಾದಂಬರಿಗಳನ್ನು ಮುಗಿಸಿದ. 1883ರಲ್ಲಿ, ಅವನ ಮರಣಾನಂತರ ಪ್ರಕಟವಾದ ಆತ್ಮಕಥೆಯಲ್ಲಿ ಇದನ್ನೆಲ್ಲ ತಾನೇ ಬಿಚ್ಚಿಟ್ಟಿದ್ದಾನೆ. ಬರೆಯುವವನಿಗೆ ಈ ಬಗೆಯ ಎಣಿಕೆ ಒಳ್ಳೆಯದೆಂದೇ ನಮ್ಮ ಅಭಿಪ್ರಾಯ. ಸ್ಫೂರ್ತಿಯ ನಿರೀಕ್ಷೆಯಲ್ಲಿ ಕುಳಿತವರು ಬಹುಮಟ್ಟಿಗೆ ಕುಳಿತೇ ಇರುತ್ತಾರೆ. ಓದುವವನಿಗೆ ಮಾತ್ರ ಈ ಗಡಿಯಾರ ಹೊಂದದು. ಇನ್ನೊಬ್ಬ ಮಹನೀಯ, ಜೀವವಿಜ್ಞಾನಿ ಚಾರ್ಲ್ಸ್ ಡಾರ್ವಿನ್, 1838ರಿಂದ 1860ರವರೆಗೆ ಓದಬೇಕಾದ ಪುಸ್ತಕಗಳ ಪಟ್ಟಿಯನ್ನೂ ಓದಿ ಮುಗಿಸಿದವುಗಳ ಪಟ್ಟಿಯನ್ನೂ ಬೇರೆ ಬೇರೆಯಾಗಿ ಬರೆದಿಟ್ಟಿದ್ದನು. ಅವನ ವಿಷಯದಲ್ಲಿ ನಮಗೆ ಸಹಿಸಲಾಗದ ಸಂಗತಿ ಒಂದಿದೆ: ಭಾರವಾದ ಗ್ರಂಥವನ್ನು ಹಿಡಿಯಲು ಅನುಕೂಲವಾಗಲೆಂದು ನಡುವೆ ಕತ್ತರಿಸಿ ಎರಡು ತುಂಡು ಮಾಡುತ್ತಿದ್ದನೆಂದು ಅವನ ಮಗನೇ ಬರೆದಿದ್ದಾನೆ. ಪುಸ್ತಕವನ್ನು ಕಾಲು ಸೋಕಿದರೆ ಕಣ್ಣಿಗೊತ್ತಿಕೊಳ್ಳುವ ನಾವು ಇದನ್ನು ಓದಿ ಬೆಚ್ಚಿದೆವು.

ಹವ್ಯಾಸವೆಂಬ ಮಾತನ್ನು ಹಗುರವಾಗಿ ಬಳಸುವವರು ನಮ್ಮವರೇ ಆದ ಫ. ಗು. ಹಳಕಟ್ಟಿಯವರನ್ನು ನೆನೆಯಬೇಕು. ಅವರ ವೃತ್ತಿ ವಿಜಯಪುರದಲ್ಲಿ ವಕಾಲತ್ತು. ಉಳಿದ ಹೊತ್ತಿನಲ್ಲಿ ಓಲೆಗರಿಗಳನ್ನು ಹುಡುಕಿ, ಓದಿ, ಪ್ರತಿಮಾಡಿ, 1923ರಲ್ಲಿ ವಚನಶಾಸ್ತ್ರಸಾರವನ್ನು ಹೊರತಂದರು. 1925ರಲ್ಲಿ ಹಿತಚಿಂತಕ ಮುದ್ರಣಾಲಯ, 1926ರಲ್ಲಿ ಶಿವಾನುಭವ ಪತ್ರಿಕೆ. ಮಿಕ್ಕದ್ದನ್ನು ಈ ಪತ್ರಿಕೆಯ ವಾಚಕರಿಗೆ ಹೇಳಬೇಕಾಗಿಲ್ಲ.

ಇನ್ನು ನಮ್ಮ ಶ್ರಾವಣದ ಲೆಕ್ಕ. ಈ ಮಾಸದಲ್ಲಿ ಸಂಜೆಯ ಹೊತ್ತು ಮಠದಲ್ಲಿ ಪುರಾಣ ಪ್ರವಚನ ನಡೆಯುವುದರಿಂದ ಓದು ಪ್ರತಿವರ್ಷವೂ ಇಳಿಮುಖವೇ. ಒಟ್ಟು 412 ಪುಟಗಳಾದವು. ಅದರಲ್ಲಿ ಹೆಚ್ಚಿನ ಪಾಲು ರಾವಬಹಾದ್ದೂರರ 'ಗ್ರಾಮಾಯಣ'ದ್ದು. ತಾರುಣ್ಯದಲ್ಲಿ ಒಮ್ಮೆ ಓದಿದ್ದ ಕಾದಂಬರಿ. ಅಂದು ಕಥೆಗಾಗಿ ಓಡಿಸಿಕೊಂಡು ಓದಿದ್ದೆವು. ಈಗ ಅದರೊಳಗಿನ ನಮ್ಮ ಸೀಮೆಯ ಮಾತಿಗಾಗಿ ನಿಂತು ನಿಂತು ಓದಿದೆವು. ಎಂಟು ದಿನಗಳ ಮೇಲೆ ನಾಲ್ಕನೆಯ ಅಂಕಣದಲ್ಲಿ ಬರೆದದ್ದು ಒಂದೇ ಸಾಲು: 'ಊರು ಹೊರಗಿನಿಂದ ಕೆಡುವುದಕ್ಕಿಂತ ಒಳಗಿನಿಂದಲೇ ಹೆಚ್ಚು ಕೆಡುತ್ತದೆ.' ಇಷ್ಟು ದೊಡ್ಡ ಕೃತಿಗೆ ಒಂದೇ ಸಾಲೇ ಎಂದು ವಿಷಾದಪಡಲಿಲ್ಲ. ವಡ್ಡಾರಾಧನೆಯ 19 ಕಥೆಗಳಲ್ಲಿ ಮೂರನ್ನು ಓದಿದೆವು. ಹಳಗನ್ನಡದ ಗದ್ಯ, ಪುಟಗಳು ಕಡಿಮೆ, ದಿನಗಳು ಹೆಚ್ಚು. ಸಂಖ್ಯೆಯನ್ನಷ್ಟೇ ನೋಡುವವನು ಆ ಒಂಬತ್ತು ದಿನ ನಾವು ಸೋಮಾರಿಗಳಾಗಿದ್ದೆವೆಂದು ತಿಳಿಯುತ್ತಾನೆ. ಮಿಕ್ಕವು ಬಿಡಿ ಲೇಖನಗಳು.

ಆರು ವರ್ಷದ ಪುಟಗಳನ್ನು ಕೂಡಿಸಿ ನೋಡಿದಾಗ ನಮ್ಮ ಓದು ತಿಂಗಳಿಗೆ ಸುಮಾರು 400 ಪುಟಕ್ಕೆ ಬಂದು ನಿಲ್ಲುತ್ತದೆ. ವರ್ಷಕ್ಕೆ 4,800. ಶಿವಕೃಪೆಯಿಂದ ಇನ್ನು ಹತ್ತು ವರ್ಷ ಕಣ್ಣು ನಡೆಯಿತೆಂದೇ ಇಟ್ಟುಕೊಳ್ಳೋಣ. ಆಗ 48,000 ಪುಟಗಳು. ಪುಸ್ತಕಕ್ಕೆ 300 ಪುಟವೆಂದರೆ 160 ಪುಸ್ತಕಗಳು. ಕಪಾಟಿನಲ್ಲಿ ಇನ್ನೂ ಓದದೆ ಉಳಿದಿರುವ ಪುಸ್ತಕಗಳನ್ನು ಎಣಿಸಿದೆವು: 270. ಅಂದರೆ, ಹೊಸದೊಂದನ್ನೂ ತಾರದಿದ್ದರೂ 110 ಪುಸ್ತಕಗಳನ್ನು ನಾವು ಓದುವುದಿಲ್ಲ. ಈ ಸರಳ ಗುಣಾಕಾರ ಭಾಗಾಕಾರವನ್ನು ಮಾಡಿದ ರಾತ್ರಿ ಬಹಳ ಹೊತ್ತು ನಿದ್ರೆ ಬರಲಿಲ್ಲ. ಮರಣದ ವಿಷಯವನ್ನು ಮಠದಲ್ಲಿ ಎಷ್ಟೋ ಬಾರಿ ಕೇಳಿದವರು, ಹೇಳಿದವರು ನಾವು. ಆದರೂ ಅದು ಪುಸ್ತಕದ ಕಪಾಟಿನ ಮೂಲಕ ಹೀಗೆ ಅಂಕಿಸಂಖ್ಯೆಯಾಗಿ ಎದುರು ನಿಂತದ್ದು ಇದೇ ಮೊದಲು.

ಬೆಳಿಗ್ಗೆ ಮನೆಯವರಿಗೆ ಈ ಲೆಕ್ಕವನ್ನು ತೋರಿಸಿದೆವು. ಅವರು ರೊಟ್ಟಿ ಬಡಿಯುತ್ತಲೇ ಕೇಳಿಸಿಕೊಂಡು, 'ಹಂಗಾದ್ರ ಮೊನ್ನೆ ಪ್ಯಾಟಿಗೆ ಹೋದಾಗ ಮತ್ತ ನಾಕು ಪುಸ್ತಕ ಯಾಕ ತಂದ್ರೀ?' ಎಂದರು. ಶಾಸ್ತ್ರದಲ್ಲಿ ಇದಕ್ಕೆ ಉತ್ತರವಿಲ್ಲ. ಅಂದಿನಿಂದ ಕಪಾಟಿನ ಮುಂದೆ ಕುಳಿತು ಒಂದೊಂದನ್ನೇ ಕೈಗೆತ್ತಿಕೊಂಡು, ಇದು 160ರಲ್ಲೋ 110ರಲ್ಲೋ ಎಂದು ಬೇರ್ಪಡಿಸುತ್ತಿದ್ದೇವೆ. ಈವರೆಗೆ 43 ಪುಸ್ತಕಗಳನ್ನು ಪಂಚಾಯಿತಿಯ ಗ್ರಂಥಾಲಯಕ್ಕೆ ಕೊಟ್ಟಾಗಿದೆ. ಕೊಡುವಾಗ ಕೈ ಹಿಂದೆ ಸರಿಯುತ್ತದೆ. ಒಂದನ್ನು ಮಾರನೆಯ ದಿನ ಹೋಗಿ ಎರವಲು ತಂದದ್ದೂ ಉಂಟು!

ಓದಿನ ಕಥೆ ಹೀಗಾದರೆ ಬರಹದ ಕಥೆ ಬೇರೆ. ಮೂರು ವರ್ಷಗಳಿಂದ ನಾವು ನಮ್ಮ ಭಾಗದ ಒಕ್ಕಲುತನದ ಮಾತುಗಳನ್ನು ಚೀಟಿಗಳ ಮೇಲೆ ಬರೆದಿಡುತ್ತಿದ್ದೇವೆ. ಕೂರಿಗೆ, ಕುಂಟೆ, ಮೇಟಿ, ಹಂತಿ, ಮಿಣಿ, ಬಾರಕೋಲು; 20 ಕೊಳಗಕ್ಕೆ ಒಂದು ಖಂಡುಗವೆಂಬ ಹಳೆಯ ಅಳತೆಗಳು. 1956ರ ಕಾಯಿದೆಯಿಂದ ಕಿಲೋ ಲೀಟರುಗಳು ಬಂದು ಅಳತೆಯ ಮಾತುಗಳು ಹೋದವು. ಟ್ರ್ಯಾಕ್ಟರು ಬಂದು ಎತ್ತಿನ ಸುತ್ತಿನ ಮಾತುಗಳು ಹೋಗುತ್ತಿವೆ. ಪ್ರತಿ ಮಾತಿಗೂ ಮೊದಲು 1894ರ ಕಿಟೆಲರ ಕೋಶವನ್ನೂ ಆಮೇಲೆ ಸಾಹಿತ್ಯ ಪರಿಷತ್ತಿನ 8 ಸಂಪುಟಗಳ ನಿಘಂಟನ್ನೂ ನೋಡುತ್ತೇವೆ. ಆ ಮಹನೀಯರ ಶ್ರಮಕ್ಕೆ ಎಷ್ಟು ವಂದಿಸಿದರೂ ಸಾಲದು. ಆದರೆ ನಿಘಂಟು ಅರ್ಥವನ್ನು ಹೇಳುತ್ತದೆ. ಆ ವಸ್ತುವಿನೊಡನೆ ಬದುಕಿದ ಬಗೆಯನ್ನು ಹೇಳಲು ಮನುಷ್ಯರೇ ಬೇಕು.

ಹಗೇವು ಎಂಬ ಮಾತನ್ನೇ ತೆಗೆದುಕೊಳ್ಳಿ. ನೆಲದೊಳಗೆ ಧಾನ್ಯವನ್ನು ತುಂಬಿಡುವ ಕುಣಿ ಎಂದರೆ ಅರ್ಥ ಮುಗಿಯಿತು. ನಮ್ಮ ಓಣಿಯ ಹಿರಿಯ ಒಕ್ಕಲಿಗರೊಬ್ಬರು, ವಯಸ್ಸು ತೊಂಬತ್ತರ ಹತ್ತಿರ, ಇದೊಂದೇ ಮಾತಿನ ಮೇಲೆ ಮೂರು ಮಧ್ಯಾಹ್ನಗಳನ್ನು ಕಳೆದರು. ನೀರು ಬಸಿಯದ ಗಟ್ಟಿ ನೆಲವನ್ನು ಆರಿಸುವುದು, ಬಾಯಿ ಕಿರಿದು ಹೊಟ್ಟೆ ಹಿರಿದಾಗಿ ತೋಡುವುದು, ಒಳಗೋಡೆಗೆ ಜೋಳದ ಕಣಿಕೆಯನ್ನು ಹೊಂದಿಸುವುದು, ಜೋಳ ತುಂಬಿ ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತುವುದು, ಇವೆಲ್ಲವನ್ನು ಕೈಯಿಂದ ಅಭಿನಯಿಸಿ ತೋರಿಸಿದರು. 'ಮಾಸ್ತರ, ಬಾಯಿ ತಗದ ಕೂಡ್ಲೆ ಒಳಗ ಇಳದ್ರ ಮನಷ್ಯಾ ಹೊಳ್ಳಿ ಬರಂಗಿಲ್ಲ. ಮೊದ್ಲು ದೀಪಾ ಇಳಿಬಿಡಬೇಕು. ದೀಪಾ ಉರೀತಂದ್ರ ನಾವೂ ಇಳೀಬೇಕು' ಎಂದರು. ಮುಚ್ಚಿದ ಕುಣಿಯೊಳಗೆ ಕಾಳು ಉಸಿರಾಡಿ ಇಂಗಾಲದ ಡೈಆಕ್ಸೈಡ್ ತುಂಬಿಕೊಳ್ಳುತ್ತದೆ, ಅದೇ ಗಾಳಿ ಹುಳುವನ್ನೂ ಕೊಲ್ಲುತ್ತದೆ ಎಂಬುದು ಪುಸ್ತಕದ ಮಾತು. ಕಾಕಾ ಅವರದು ದೀಪದ ಮಾತು. ಎರಡೂ ಒಂದೇ ಚೀಟಿಯ ಮೇಲೆ ಬಂದಿವೆ.

ಮೂರನೆಯ ಮಧ್ಯಾಹ್ನ ಏಳುವ ಹೊತ್ತಿಗೆ ನಾವು ಕೇಳಿದೆವು: 'ಕಾಕಾರ, ತ್ಯಾವ ಹಿಡದು ಗ್ವಾಡಿಗೆ ಹತ್ತಿ ಕೆಟ್ಟ ಕಾಳಿಗೆ ಏನಂತಿದ್ರು?' ಅವರು ಕಣ್ಣು ಮುಚ್ಚಿಕೊಂಡು ಬಹಳ ಹೊತ್ತು ಕುಳಿತರು. 'ಅದಕ್ಕೊಂದು ಹೆಸರೈತ್ರಿ. ನಮ್ಮವ್ವ ಅಂತಿದ್ಲು. ನಾಲಗಿ ತುದೀಗೈತಿ, ಬರವಲ್ದು. ನೆನಪಾದ ಮ್ಯಾಲ ಹುಡುಗನ ಕೈಯಾಗ ಹೇಳಿ ಕಳಸತೀನಿ' ಎಂದರು. ಅದು ಶ್ರಾವಣದ ಎರಡನೆಯ ವಾರ. ಮೂರನೆಯ ಸೋಮವಾರ ನಸುಕಿನಲ್ಲಿ ಕಾಕಾ ಲಿಂಗೈಕ್ಯರಾದರು. ಮಣ್ಣಿಗೆ ಹೋಗಿ ಬಂದ ಸಂಜೆ ಅವರ ಮೊಮ್ಮಗನನ್ನು ಕೇಳುವುದು ಸರಿಯೋ ಅಲ್ಲವೋ ಎಂದು ಯೋಚಿಸಿ ಸುಮ್ಮನಾದೆವು. ಹನ್ನೊಂದನೆಯ ದಿನ ಆ ಹುಡುಗನೇ ಬಂದು, 'ಅಜ್ಜ ನಿಮಗೇನೋ ಹೇಳೋದೈತಿ ಅಂತ ಎರಡು ಸಲ ಅಂದಿದ್ದ್ರಿ, ಏನಂತ ಹೇಳಲಿಲ್ಲ' ಎಂದನು.

ಬರಹದ ಅಂಕಣದಲ್ಲಿ ಶ್ರಾವಣಕ್ಕೆ 37 ಚೀಟಿಗಳು ದಾಖಲಾಗಿವೆ. ಜೊತೆಗೆ ಹನ್ನೊಂದು ಪುಟದ ಒಂದು ಲೇಖನ, ಅದರಲ್ಲಿ ಹೊಡೆದುಹಾಕಿ ಉಳಿದದ್ದು ಐದು ಪುಟ. ಆ 37ರಲ್ಲಿ ಒಂದರ ಮೇಲೆ ಅರ್ಥವಿದೆ, ಉಪಯೋಗವಿದೆ, ಊರಿನ ಹೆಸರಿದೆ. ಮಾತಿನ ಜಾಗ ಮಾತ್ರ ಖಾಲಿ. ಎಣಿಕೆಗೆ ಅದನ್ನು ಸೇರಿಸಬೇಕೋ ಬಿಡಬೇಕೋ ಎಂದು ಯೋಚಿಸಿ ಸೇರಿಸಿಯೇ ಇದ್ದೇವೆ. ಓದದೆ ಉಳಿಯುವ 110 ಪುಸ್ತಕಗಳು ಎಲ್ಲಿಯಾದರೂ ಇದ್ದೇ ಇರುತ್ತವೆ. ನಾವಲ್ಲದಿದ್ದರೆ ಮತ್ತೊಬ್ಬರು ಓದುತ್ತಾರೆ. ಈ ಚೀಟಿಯ ಸಂಗತಿ ಹಾಗಲ್ಲ. ಆದಕಾರಣ ಭಾದ್ರಪದದಿಂದ ಬೆಳಗಿನ ಓದಿನ ಹೊತ್ತನ್ನು ಅರ್ಧಕ್ಕೆ ಇಳಿಸಿ ಚೀಟಿಯ ಕೆಲಸಕ್ಕೆ ಕೊಡುವುದೆಂದು ಗೊತ್ತುಮಾಡಿದ್ದೇವೆ. ತಿಂಗಳ ಪುಟಗಳು 200ಕ್ಕೆ ಇಳಿಯಬಹುದು. ಕಪಾಟಿನಿಂದ ಇನ್ನಷ್ಟು ಪುಸ್ತಕಗಳು ಗ್ರಂಥಾಲಯದ ದಾರಿ ಹಿಡಿಯಬೇಕಾದೀತು.

ಕಾಕಾ ಅವರ ತಂಗಿಯೊಬ್ಬರು ಹನ್ನೆರಡು ಹರದಾರಿ ಆಚೆಯ ಊರಿನಲ್ಲಿದ್ದಾರೆಂದು ಆ ಹುಡುಗನೇ ತಿಳಿಸಿದ. ಎಂಬತ್ತು ದಾಟಿದ್ದರೂ ಮಾತು ಸ್ಪಷ್ಟವಂತೆ, ಕಿವಿ ಮಾತ್ರ ಸ್ವಲ್ಪ ಮಂದವಂತೆ. ಹೆಸರುಕಾಯಿ ಬಿಡಿಸುವ ಕೆಲಸ ಮುಗಿದೊಡನೆ ಅವನೂ ನಮ್ಮ ಜೊತೆಗೆ ಬರುತ್ತೇನೆಂದಿದ್ದಾನೆ. ಆ ಊರಿಗೆ ದಿನಕ್ಕೆ ಒಂದೇ ಬಸ್ಸು, ಬೆಳಿಗ್ಗೆ ಏಳು ಗಂಟೆಗೆ.