ಮನಸ್ಸಿನ ಹೊರೆ

ಕೋಲಾರದ ಚಿನ್ನದ ಗಣಿಗಳ ಮಗ್ಗುಲಲ್ಲಿರುವ ಆಂಡರ್ಸನ್‌ಪೇಟೆ ನಾನು ಬೆಳೆದ ಊರು. ನನ್ನ ತಂದೆಯವರು ಗಣಿಯಲ್ಲಿ ವೈಂಡಿಂಗ್ ಎಂಜಿನ್ ಡ್ರೈವರ್ ಆಗಿದ್ದರು. ಕಾರ್ಮಿಕರು ನಿಂತ ಕೇಜನ್ನು, ಎಂದರೆ ಕಬ್ಬಿಣದ ಪಂಜರವನ್ನು, ಉಕ್ಕಿನ ಹಗ್ಗದಿಂದ ಪಾತಾಳಕ್ಕೆ ಇಳಿಸುವುದು, ಮತ್ತೆ ಮೇಲೆತ್ತುವುದು ಅವರ ಕೆಲಸ. ಇಳಿಯುವ ಕೇಜು ಅವರ ಕಣ್ಣಿಗೆ ಕಾಣುತ್ತಿರಲಿಲ್ಲ. ಕಿವಿ ಗಂಟೆಯ ಸಂಜ್ಞೆಯ ಮೇಲೆ, ಕಣ್ಣು ಆಳವನ್ನು ತೋರುವ ಮುಳ್ಳಿನ ಮೇಲೆ, ಕೈ ಬ್ರೇಕಿನ ಮೇಲೆ. ಹೀಗೆ ಕುಳಿತೇ ಅವರು ತಮ್ಮ ಪಾಳಿಯನ್ನು ಮುಗಿಸಬೇಕಾಗಿತ್ತು.

ಮನೆಗೆ ಬಂದೊಡನೆ ಅವರು ಯಾರೊಡನೆಯೂ ಮಾತನಾಡದೆ ಬಹಳ ಹೊತ್ತು ಜಗಲಿಯ ಮೇಲೆ ಕುಳಿತುಬಿಡುತ್ತಿದ್ದರು. ಒಮ್ಮೆ ನಾನು, "ಬಂಡೆ ಒಡೆಯುವವರಿಗೆ ಆಯಾಸವಾಗುವುದು ಸರಿ, ಕುಳಿತು ಮಾಡುವ ಕೆಲಸಕ್ಕೆ ಇಷ್ಟು ದಣಿವೇನಪ್ಪಾ?" ಎಂದು ಕೇಳಿಬಿಟ್ಟೆ. ಅವರು ನಕ್ಕು ಸುಮ್ಮನಾದರು. ಆ ನಗೆಯ ಅರ್ಥ ನನಗೆ ತಿಳಿದುದು ಬಹುಕಾಲದ ಮೇಲೆ. 2001ರಲ್ಲಿ ಗಣಿಗಳು ಮುಚ್ಚಿದವು. ತಂದೆಯವರೂ ಇಂದು ಇಲ್ಲ.

ಈಚೆಗೆ ನನ್ನ ಹಳೆಯ ಶಿಷ್ಯನೊಬ್ಬನು ಬೆಂಗಳೂರಿನ ತನ್ನ ಪ್ರಯೋಗಶಾಲೆಗೆ ನನ್ನನ್ನು ಕರೆದೊಯ್ದನು. ತರಬೇತಿಯ ಸಮಯದಲ್ಲಿ ವಿಮಾನ ಚಾಲಕರ ಮನಸ್ಸಿನ ಮೇಲೆ ಬೀಳುವ ಹೊರೆಯನ್ನು ಅಳೆಯುವುದು ಅವನ ಕಾರ್ಯ. "ಮೇಷ್ಟ್ರೇ, ನೀವೂ ಒಮ್ಮೆ ಹಾರಿ ನೋಡಿ" ಎಂದು ದಪ್ಪ ಕನ್ನಡಕದಂಥ ಸಾಧನವೊಂದನ್ನು ನನಗೆ ತೊಡಿಸಿದನು. ಕೋಣೆ ಮಾಯವಾಯಿತು, ನಾನು ವಿಮಾನ ಚಾಲಕನ ಪೀಠದಲ್ಲಿದ್ದೆ! ಇಲ್ಲದುದನ್ನು ಇದೆಯೆಂದೇ ಕಣ್ಣು ಕಿವಿಗಳಿಗೆ ತೋರಿಸುವ ಈ ವಿದ್ಯೆಗೆ ವರ್ಚುವಲ್ ರಿಯಾಲಿಟಿ ಎಂದು ಹೆಸರು. ವಿಮಾನವನ್ನು ಒಂದೇ ಎತ್ತರದಲ್ಲಿ ನಡೆಸಬೇಕು. ಗಂಟೆ ಕೇಳಿದಾಗಲೆಲ್ಲ ಗುಂಡಿಯೊಂದನ್ನು ಒತ್ತಬೇಕು. ಮೊದಮೊದಲು ಸುಲಭವೆನಿಸಿತು. ಮಂಜು ಕವಿದು ವಿಮಾನ ವಾಲತೊಡಗಿದಾಗ ನನ್ನ ಗಮನವೆಲ್ಲ ಮುಳ್ಳುಗಳಲ್ಲಿಯೇ ನೆಟ್ಟಿತು.

"ಗಂಟೆ ಬಾರಿಸಿದ್ದು ಹತ್ತು ಸಲ; ನೀವು ಗುಂಡಿ ಒತ್ತಿದ್ದು ನಾಲ್ಕೇ ಸಲ" ಎಂದು ಶಿಷ್ಯನು ನಕ್ಕನು. ಉಳಿದ ಆರು ಸಲದ ಸದ್ದು ನನಗೆ ಕೇಳಿಸಿಯೇ ಇರಲಿಲ್ಲ. ತುಂಬಿದ ಕೊಡದಲ್ಲಿ ಮತ್ತೊಂದು ಹನಿಗೆ ಎಡೆಯೆಲ್ಲಿ?

ಹೊರೆಯನ್ನು ಅಳೆಯಲು ಬೇರೆ ದಾರಿಗಳೂ ಉಂಟು. ಮನಸ್ಸು ಶ್ರಮಿಸಿದಾಗ ಕಣ್ಣಿನ ಪಾಪೆ ಹಿಗ್ಗುತ್ತದೆ. ಬೆಳಕು ಕುಗ್ಗಿದರೂ ಅದು ಹಿಗ್ಗುವುದರಿಂದ ಅದೊಂದನ್ನೇ ನಂಬುವಂತಿಲ್ಲ. ಆದುದರಿಂದ ಹೃದಯದ ಬಡಿತವನ್ನೂ ಗಮನಿಸುತ್ತಾರೆ. ಅಮೆರಿಕದ ನಾಸಾ ಸಂಸ್ಥೆಯಲ್ಲಿ ರೂಪುಗೊಂಡು 1988ರಲ್ಲಿ ಪ್ರಕಟವಾದ ಆರು ಅಂಶಗಳ ಪಟ್ಟಿಯನ್ನು ಕೊಟ್ಟು ಚಾಲಕನ ಅನುಭವವನ್ನೂ ಕೇಳುತ್ತಾರೆ. 2019ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಕೃತಕ ಹಾರಾಟದಲ್ಲಿ ಮಾತ್ರವಲ್ಲದೆ ನಿಜವಾದ ಹಾರಾಟದಲ್ಲಿಯೂ ಚಾಲಕರ ಕಣ್ಣುಗಳನ್ನು ಗಮನಿಸಿ ಈ ಹೊರೆಯನ್ನು ಅಂದಾಜು ಮಾಡಿದರು.

"ಇಷ್ಟೆಲ್ಲ ಅಳೆದು ದುರ್ಬಲರನ್ನು ಹುಡುಕುವಿರೇನು?" ಎಂದೆ.

"ಅಲ್ಲ ಮೇಷ್ಟ್ರೇ. ಹೊರೆ ಎಲ್ಲಿ ಹೆಚ್ಚಿತೆಂದು ತಿಳಿದರೆ ಪಾಠವನ್ನು ಹಂತಹಂತವಾಗಿ ಕಲಿಸಬಹುದು. ಮುಳ್ಳುಗಳನ್ನು ಸುಲಭವಾಗಿ ಕಣ್ಣಿಗೆ ಬೀಳುವಲ್ಲಿ ಇಡಬಹುದು. ಹೊರೆ ತೀರ ಕಡಿಮೆಯಾದರೂ ಅಪಾಯವೇ, ಮನಸ್ಸು ತೂಕಡಿಸುತ್ತದೆ" ಎಂದನು.

ಅಂದು ಸಂಜೆ ಊರಿಗೆ ಮರಳುವ ರೈಲು ಬಂಗಾರಪೇಟೆಯನ್ನು ಮುಟ್ಟಿದಾಗ ತಂದೆಯವರ ನೆನಪು ಬಲವಾಗಿ ಬಂದಿತು. ನಾನು ಆರು ಸಲ ಗಂಟೆಯನ್ನು ಮರೆತುದರಿಂದ ಯಾರಿಗೂ ಹಾನಿಯಾಗಲಿಲ್ಲ. ಅವರು ಒಂದೇ ಒಂದು ಸಲ ಮರೆತಿದ್ದರೆ ಕೇಜಿನೊಳಗಿನ ಜೀವಗಳ ಗತಿಯೇನಾಗುತ್ತಿತ್ತು! ಆ ಹೊರೆಯನ್ನು ಅಂದು ಯಾರೂ ತೂಗಲಿಲ್ಲ. ಮಗನಾದ ನಾನೂ ತೂಗಲಿಲ್ಲ. ಜಗಲಿಯ ಮೇಲಿನ ಆ ಮೌನ ಹೊರೆ ಇಳಿಸುವ ಹೊತ್ತೆಂದು ತಿಳಿದಿದ್ದರೆ, ಒಂದು ಲೋಟ ನೀರನ್ನು ಅವರ ಬಳಿ ಇಟ್ಟು ಸದ್ದಿಲ್ಲದೆ ಒಳಗೆ ಹೋಗುತ್ತಿದ್ದೆ.